ಸಹಿ ಹಾಕೋ ಹಕ್ಕು: ಏರ್‌ಫೋರ್ಸಿಂದ ಎಎಂಇ ಲೈಸೆನ್ಸ್, ಅಲ್ಲಿಂದ ಟ್ರೈನಿಂಗ್ ಸ್ಕೂಲು

ಪಿಯುಸಿ ರಿಸಲ್ಟ್ ಬಂತು ಅಂದ್ರೆ ನಮ್ಮ ಸೋಮವಾರಪೇಟೆ, ಶನಿವಾರಸಂತೆ ಕಡೆಯಿಂದ ನಂಗೆ ಫೋನ್ ಬರೋಕೆ ಶುರು ಆಗುತ್ತೆ. "ಅಣ್ಣ, ಮಗ ಸೈನ್ಸ್ ಮಾಡಿದಾನೆ, ಎಎಂಇಗೆ ಸೇರ್ಸೋಣ ಅಂತಿದೀವಿ, ಓದು ಮುಗಿದ ಕೂಡ್ಲೆ ಏರ್‌ಪೋರ್ಟಲ್ಲಿ ಕೆಲಸ ಗ್ಯಾರಂಟಿ ಅಂತಾರಲ್ಲ, ಹೌದಾ?" ಅಂತ ಕೇಳ್ತಾರೆ. ಈಗ ಕಾಫಿ ರೇಟ್ ಚೆನ್ನಾಗಿ ಸಿಕ್ಕಿರೋದ್ರಿಂದ ಮಕ್ಕಳ ಓದಿಗೆ ದುಡ್ಡು ಹಾಕೋ ಧೈರ್ಯ ಬಂದಿದೆ, ಅದು ಒಳ್ಳೇದೇ, ಆದ್ರೆ ಆ ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿರ್ಬೇಕು. ಒಬ್ಬೊಬ್ರಿಗೂ ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ನಾನು ಹೋದ ದಾರೀನ ಪೂರ್ತಿ ಬರೀತೀನಿ, ಓದಿ ಆಮೇಲೆ ತೀರ್ಮಾನ ಮಾಡಿ.

ಎಲ್ಲಕ್ಕಿಂತ ಮೊದಲು ತಿಳ್ಕೋಬೇಕಾದ್ದು, ಎಎಂಇ, ಅಂದ್ರೆ ಏರ್‌ಕ್ರಾಫ್ಟ್ ಮೆಂಟೆನೆನ್ಸ್ ಇಂಜಿನಿಯರ್ ಅನ್ನೋದು ಡಿಗ್ರಿ ಅಲ್ಲ, ಲೈಸೆನ್ಸ್. ಡ್ರೈವಿಂಗ್ ಸ್ಕೂಲು ಕಲಿಸಿದ್ರೂ ಲೈಸೆನ್ಸ್ ಕೊಡೋದು ಆರ್‌ಟಿಓ ಅಲ್ವಾ, ಹಾಗೇ ಇಲ್ಲೂ ಸ್ಕೂಲು ಕೊಡೋದು ಕೋರ್ಸ್ ಮುಗಿಸಿದ ಸರ್ಟಿಫಿಕೇಟು, ಲೈಸೆನ್ಸ್ ಕೊಡೋದು ಡಿಜಿಸಿಎ, ಅಂದ್ರೆ ದೇಶದ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ. ಆ ಲೈಸೆನ್ಸ್ ಯಾಕೆ ಬೇಕು ಅಂದ್ರೆ, ವಿಮಾನದ ಮೇಲೆ ಏನೇ ಕೆಲಸ ಆದ್ರೂ ಕೊನೇಲಿ ಒಬ್ಬ ಮನುಷ್ಯ ಪುಸ್ತಕದಲ್ಲಿ ಸಹಿ ಹಾಕ್ಬೇಕು, ಈ ಕೆಲಸ ಸರಿಯಾಗಿ ಆಗಿದೆ, ವಿಮಾನ ಹಾರ್ಬೋದು ಅಂತ. ಸರ್ಟಿಫಿಕೇಟ್ ಆಫ್ ರಿಲೀಸ್ ಟು ಸರ್ವಿಸ್, ಹ್ಯಾಂಗರಲ್ಲಿ ಎಲ್ರೂ ಸಿಆರ್‌ಎಸ್ ಅಂತಾರೆ. ಆ ಸಹಿ ಇಲ್ದೆ ಪೈಲಟ್ ಇಂಜಿನ್ ಸ್ಟಾರ್ಟ್ ಮಾಡೋ ಹಾಗಿಲ್ಲ. ಟ್ರೈನಿಂಗ್ ಸ್ಕೂಲಿನ ರೂಲುಗಳು ಇಲ್ಲೂ ಬದಲಾಗಿವೆ, ಅಮೆರಿಕಾ ಯುರೋಪಲ್ಲೂ ಬದಲಾಗಿವೆ, ನಾನು ಎಲ್ಲಾ ಓದಿ ನೋಡಿದೀನಿ, ಸುತ್ತಿ ಬಳಸಿ ಎಲ್ಲಾ ರೂಲೂ ಕೇಳೋದು ಒಂದೇ ಪ್ರಶ್ನೆ, ಈ ಸಹಿ ಹಾಕೋನಿಗೆ ಕೆಲಸ ನಿಜವಾಗ್ಲೂ ಗೊತ್ತಿದ್ಯಾ ಅಂತ ಹೇಗೆ ತಿಳ್ಕೊಳ್ಳೋದು?

ನಾನು ಏರ್‌ಫೋರ್ಸಲ್ಲಿ ಟೆಕ್ನಿಷಿಯನ್ ಆಗಿದ್ದೋನು. ಬೆಳಗಾವಿ ಸಾಂಬ್ರಾದಲ್ಲಿ ಮೊದಲ ಟ್ರೈನಿಂಗ್, ಆಮೇಲೆ ತಾಂಬರಂನಲ್ಲಿ ಟ್ರೇಡ್ ಟ್ರೈನಿಂಗ್, ಸರ್ವಿಸಿನ ಬಹುಪಾಲು ಎಎನ್-32 ಸಾಗಾಣಿಕೆ ವಿಮಾನದ ಮೇಲೆ. ಕೊಡಗಲ್ಲಿ ಮಿಲಿಟರಿಗೆ ಹೋಗೋದು ಹೊಸ ವಿಷಯ ಅಲ್ಲ, ಕಾರ್ಯಪ್ಪ ತಿಮ್ಮಯ್ಯ ಹುಟ್ಟಿದ ಜಿಲ್ಲೆ, ಮಡಿಕೇರಿಗೆ ಹೋದ್ರೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ಇದೆ, 1965ರಲ್ಲಿ ಮಿಸ್ಟಿಯರ್ ವಿಮಾನದಲ್ಲಿ ಸರ್ಗೋಧಾ ಮೇಲೆ ದಾಳಿಗೆ ಹೋಗಿ ವಾಪಸ್ ಬರ್ಲಿಲ್ಲ, 1988ರಲ್ಲಿ ಮಹಾವೀರ ಚಕ್ರ ಬಂತು. ಪೈಲಟ್‌ಗಳ ಹೆಸರು ನಮ್ಮೂರಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಂಥ ವಿಮಾನಾನ ಹಾರೋಕೆ ರೆಡಿ ಮಾಡ್ಕೊಡೋ ನೆಲದ ಮೇಲಿನವರ ಬಗ್ಗೆ ಮಾತು ಕಮ್ಮಿ, ಅದಕ್ಕೇ ಈ ಕೆಲಸದ ದಾರಿ ಹೇಗೆ ಅಂತ ಊರಲ್ಲಿ ಹೇಳೋರು ಸಿಗಲ್ಲ.

ಏರ್‌ಫೋರ್ಸಲ್ಲಿ ಎಫ್-700 ಅಂತ ಒಂದು ಪುಸ್ತಕ ಇರುತ್ತೆ, ಪ್ರತಿ ವಿಮಾನಕ್ಕೂ ಒಂದು, ಅದರ ಮೇಲೆ ಆದ ಕೆಲಸ ಬರೆಯೋಕೆ. ವರ್ಷಗಟ್ಟಲೆ ಅದರಲ್ಲಿ ಸಹಿ ಹಾಕಿದ ಕೈ ನಂದು. ರಿಟೈರ್ ಆಗಿ ಊರಿಗೆ ಬಂದಾಗ ಇನ್ನೂ ನಲವತ್ತರ ಆಸುಪಾಸು, ತೋಟ ಇದೆ, ಪೆನ್ಷನ್ ಇದೆ, ಆದ್ರೆ ಕಲಿತ ವಿದ್ಯೆ ಅಲ್ಲಿಗೇ ಬಿಡೋಕೆ ಮನಸ್ಸು ಒಪ್ಲಿಲ್ಲ. ಜೊತೆಗೆ ಸರ್ವಿಸ್ ಮಾಡಿದ್ದ ಒಬ್ರು ಸೀನಿಯರ್ ಆಗ್ಲೇ ಸಿವಿಲ್ ಲೈಸೆನ್ಸ್ ತಗೊಂಡಿದ್ರು, ಅವ್ರೇ ಹೇಳಿದ್ದು, "ನೋಡಪ್ಪ, ನಿನ್ನ ಅನುಭವ ಲೆಕ್ಕಕ್ಕೆ ಬರುತ್ತೆ, ಸಹಿ ಬರಲ್ಲ. ಸಿವಿಲ್ ವಿಮಾನಕ್ಕೆ ಸಹಿ ಹಾಕ್ಬೇಕು ಅಂದ್ರೆ ಮಾಡ್ಯೂಲ್ ಅಂತ ಒಂದೊಂದು ವಿಷಯಕ್ಕೂ ಪರೀಕ್ಷೆ ಇದೆ, ಅದನ್ನ ಬರಿ, ಸಿವಿಲ್ ವಿಮಾನದ ಮೇಲೆ ಕೆಲಸ ಮಾಡಿ ತೋರ್ಸು."

ಅವರ ಕಾಲಕ್ಕೂ ನನ್ನ ಕಾಲಕ್ಕೂ ರೂಲು ಪೂರ್ತಿ ಬದಲಾಗಿತ್ತು. ಅವರದ್ದು ಹಳೇ ಪದ್ಧತಿ, ಪೇಪರ್ ಒನ್, ಪೇಪರ್ ಟೂ, ಪೇಪರ್ ತ್ರೀ ಅಂತ ಬರೆಯೋದು, ಹೆವಿ ಏರೋಪ್ಲೇನ್, ಜೆಟ್ ಇಂಜಿನ್, ಲೈಟ್ ಏರೋಪ್ಲೇನ್, ಪಿಸ್ಟನ್ ಇಂಜಿನ್ ಅಂತ ಬೇರೆ ಬೇರೆ, ಎಲೆಕ್ಟ್ರಿಕಲ್ ಬೇರೆ, ಇನ್‌ಸ್ಟ್ರುಮೆಂಟ್ ಬೇರೆ, ರೇಡಿಯೋ ಬೇರೆ. ಆಮೇಲೆ 2010ರ ದಶಕದಲ್ಲಿ ಡಿಜಿಸಿಎ ಯುರೋಪಿನ ಮಾದರಿ ಹಿಡಿದು ಸಿಎಆರ್ (ಸಿವಿಲ್ ಏವಿಯೇಷನ್ ರಿಕ್ವೈರ್ಮೆಂಟ್ಸ್) 66, ಸಿಎಆರ್ 147 ತಂತು. 66 ಅಂದ್ರೆ ಲೈಸೆನ್ಸಿನ ರೂಲು, 147 ಅಂದ್ರೆ ಟ್ರೈನಿಂಗ್ ಸ್ಕೂಲಿನ ರೂಲು, 145 ಅಂದ್ರೆ ರಿಪೇರಿ ಮಾಡೋ ಸಂಸ್ಥೆಯ ರೂಲು. ಈ ಮೂರು ನಂಬರ್ ತಲೇಲಿ ಇಟ್ಕೊಂಡ್ರೆ ಸ್ಕೂಲಿನವರ ಮಾತು ಅರ್ಧ ಅರ್ಥ ಆಗುತ್ತೆ. ಆ ಬದಲಾವಣೆ ಟೈಮಲ್ಲಿ ಓದ್ತಿದ್ದ ಹುಡುಗರಿಗೆ ಕಷ್ಟ ಆಗಿತ್ತು, ಅರ್ಧ ಹಳೇ ಪೇಪರ್ ಪಾಸ್ ಆಗಿದೆ, ಇನ್ನರ್ಧಕ್ಕೆ ಹೊಸ ಮಾಡ್ಯೂಲ್, ಯಾವುದಕ್ಕೆ ಯಾವುದು ಸಮ ಅಂತ ತಿಳ್ಕೊಳ್ಳೋದ್ರಲ್ಲೇ ವರ್ಷ ಹೋದೋರನ್ನ ನಾನು ಆಮೇಲೆ ಹ್ಯಾಂಗರಲ್ಲಿ ಭೇಟಿ ಮಾಡಿದೀನಿ.

ನಾನು ಆರಿಸ್ಕೊಂಡಿದ್ದು ಬಿ1.1, ಅಂದ್ರೆ ಟರ್ಬೈನ್ ಇಂಜಿನ್ ಇರೋ ಏರೋಪ್ಲೇನ್, ಮೆಕ್ಯಾನಿಕಲ್ ಕಡೆಯದು. ಹೆಲಿಕಾಪ್ಟರಿಗೆ ಬಿ1.3, ಏವಿಯಾನಿಕ್ಸ್, ಅಂದ್ರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಬಿ2, ಚಿಕ್ಕಪುಟ್ಟ ಕೆಲಸಕ್ಕೆ ಎ ಕೆಟಗರಿ, ಹೀಗೆ ಇದೆ. ಬಿ1.1ಗೆ 13 ಮಾಡ್ಯೂಲ್. ಗಣಿತ, ಭೌತಶಾಸ್ತ್ರ, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಡಿಜಿಟಲ್, ಮೆಟೀರಿಯಲ್ ಮತ್ತೆ ಹಾರ್ಡ್‌ವೇರ್, ಮೆಂಟೆನೆನ್ಸ್ ಪ್ರಾಕ್ಟೀಸ್, ಏರೋಡೈನಮಿಕ್ಸ್, ಹ್ಯೂಮನ್ ಫ್ಯಾಕ್ಟರ್ಸ್, ಕಾನೂನು, ಆಮೇಲೆ ದೊಡ್ಡ ದೊಡ್ಡವು ಹನ್ನೊಂದು-ಎ, ಹದಿನೈದು, ಹದಿನೇಳು. ಹನ್ನೊಂದು-ಎ ಅಂದ್ರೆ ಇಡೀ ವಿಮಾನದ ರಚನೆ ಮತ್ತು ಸಿಸ್ಟಮ್ಸ್, ಹದಿನೈದು ಗ್ಯಾಸ್ ಟರ್ಬೈನ್, ಹದಿನೇಳು ಪ್ರೊಪೆಲರ್. ಪಾಸಾಗೋಕೆ ಪ್ರತಿ ಮಾಡ್ಯೂಲಲ್ಲೂ 75 ಪರ್ಸೆಂಟ್ ಬೇಕು. ನಮ್ಮ ಕಾಲದ ಪಿಯುಸಿ ಥರ 35 ತಗೊಂಡು ಮುಂದಕ್ಕೆ ಹೋಗೋದು ಇಲ್ಲಿ ಇಲ್ಲ, ಮತ್ತೆ ಒಂದು ಪ್ರಶ್ನೆಗೆ ಸರಾಸರಿ 75 ಸೆಕೆಂಡ್ ಟೈಮು, ಓದಿ ಅರ್ಥ ಮಾಡ್ಕೊಂಡಿದ್ರೆ ಸಾಕು, ಬಾಯಿಪಾಠ ಆದ್ರೆ ಟೈಮೂ ಸಾಲಲ್ಲ, ಮಾರ್ಕ್ಸೂ ಸಾಲಲ್ಲ.

ಪ್ರೊಪೆಲರ್, ಇಂಜಿನ್, ಮೆಟೀರಿಯಲ್ ಇವೆಲ್ಲ ನಂಗೆ ಸಲೀಸು, ಎಎನ್-32 ಟರ್ಬೋಪ್ರಾಪ್ ವಿಮಾನ, ಅಂದ್ರೆ ಟರ್ಬೈನ್ ಇಂಜಿನ್ನೇ ಪ್ರೊಪೆಲರ್ ತಿರುಗಿಸೋದು, ಕೈಯಲ್ಲಿ ಬಿಚ್ಚಿ ಜೋಡಿಸಿದ್ದು. ಕಷ್ಟ ಅಂದ್ರೆ ಎಲೆಕ್ಟ್ರಾನಿಕ್ಸ್ ಮತ್ತೆ ಡಿಜಿಟಲ್. ಬೈನರಿ, ಲಾಜಿಕ್ ಗೇಟ್, ಡೇಟಾ ಬಸ್, ಇವೆಲ್ಲ ಮತ್ತೆ ಮೊದಲಿಂದ ಕಲಿಬೇಕಾಯ್ತು. ಓದ್ತಿದ್ದಿದ್ದು ಊರಲ್ಲೇ. ಜೂನ್ ಬಂತು ಅಂದ್ರೆ ನಮ್ಮಲ್ಲಿ ಕರೆಂಟ್ ಇರಲ್ಲ, ಯುಪಿಎಸ್ ಚಾರ್ಜ್ ಆಗೋಕೂ ಕರೆಂಟ್ ಬೇಕಲ್ಲ, ಹಾಗಾಗಿ ಹಗಲೇ ಓದಿ ಮುಗಿಸ್ಬೇಕು, ನೆಟ್‌ವರ್ಕ್ ಬೇಕು ಅಂದ್ರೆ ತೋಟದ ಮೇಲ್ಭಾಗಕ್ಕೆ ಹತ್ತಬೇಕು. ಡಿಸೆಂಬರಲ್ಲಿ ಕಾಫಿ ಕುಯ್ಲು ಶುರು ಆದ್ರೆ ಬೆಳಿಗ್ಗೆಯಿಂದ ಸಂಜೆ ತನಕ ಆಳುಗಳ ಹಿಂದೆ, ರಾತ್ರಿ ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲ್ ಹೊದಿಸಿ ಬಂದು ಪುಸ್ತಕ ಹಿಡಿಯೋದು. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತ, ಮಕ್ಕಂದೂರು ಜೋಡುಪಾಲ ಕಡೆ ಗುಡ್ಡ ಕುಸಿದಾಗ ಓದೋ ಮಾತೇ ಇಲ್ಲ, ಊರಿನ ಗಂಡಸರೆಲ್ಲ ಪರಿಹಾರ ಕೇಂದ್ರಕ್ಕೆ ಅಕ್ಕಿ ಬಟ್ಟೆ ಸಾಗಿಸೋದ್ರಲ್ಲಿ ಇದ್ವಿ. ಆ ಸಲದ ಪರೀಕ್ಷೆ ಸೆಷನ್ ಬಿಟ್ಟು ಮುಂದಿನ ಸೆಷನ್ನಿಗೆ ಬರೆದೆ. ಪರೀಕ್ಷೆ ಬೆಂಗಳೂರಲ್ಲಿ, ಕಂಪ್ಯೂಟರ್ ಮುಂದೆ ಕೂತು ಬರೆಯೋದು, ಸುತ್ತ ನೋಡಿದ್ರೆ ಎಲ್ಲಾ ಇಪ್ಪತ್ತು ವರ್ಷದ ಮಕ್ಕಳು, ನಂಗೆ ಅದು ಖುಷಿನೇ ಕೊಡ್ತು.

ಎಲ್ಲಾ ಮಾಡ್ಯೂಲಿಗಿಂತ ನಂಗೆ ಮುಖ್ಯ ಅನ್ಸೋದು ಒಂಬತ್ತನೇದು, ಹ್ಯೂಮನ್ ಫ್ಯಾಕ್ಟರ್ಸ್, ಅಂದ್ರೆ ಕೆಲಸ ಮಾಡೋ ಮನುಷ್ಯ ಯಾಕೆ ತಪ್ಪು ಮಾಡ್ತಾನೆ ಅನ್ನೋ ವಿಷಯ. ಹುಡುಗರು ಇದನ್ನ ಸುಲಭದ ಪೇಪರ್ ಅಂತ ಕೊನೆಗೆ ತಳ್ತಾರೆ. 1990ರ ಜೂನ್ 10ನೇ ತಾರೀಕು ಬ್ರಿಟಿಷ್ ಏರ್‌ವೇಸಿನ ಒಂದು ಬಿಎಸಿ ಒನ್-ಇಲೆವೆನ್ ವಿಮಾನ ಬರ್ಮಿಂಗ್‌ಹ್ಯಾಮಿಂದ ಹೊರಟು ಹದಿನೇಳು ಸಾವಿರ ಅಡಿ ದಾಟ್ತಿದ್ದ ಹಾಗೆ ಪೈಲಟ್ ಮುಂದಿನ ಗಾಜು ಹಾರಿಹೋಯ್ತು, ಕ್ಯಾಪ್ಟನ್ ಅರ್ಧ ದೇಹ ಹೊರಗೆ, ಒಳಗಿದ್ದ ಸಿಬ್ಬಂದಿ ಅವರ ಕಾಲು ಹಿಡ್ಕೊಂಡೇ ಇದ್ರು, ಕೋ-ಪೈಲಟ್ ಹೇಗೋ ಸೌತಾಂಪ್ಟನ್‌ನಲ್ಲಿ ಇಳಿಸಿದ್ರು, ಕ್ಯಾಪ್ಟನ್ ಬದುಕಿದ್ರು, ಪ್ರಯಾಣಿಕರೆಲ್ಲ ಬದುಕಿದ್ರು. ತನಿಖೆ ಮಾಡಿದಾಗ ಗೊತ್ತಾಗಿದ್ದು, ಹಾರಾಟಕ್ಕೆ ಸ್ವಲ್ಪ ಮುಂಚೆ ಆ ಗಾಜು ಬದಲಾಯಿಸಿದ್ರು, ಅದಕ್ಕೆ ಹಾಕಿದ 90 ಬೋಲ್ಟಲ್ಲಿ 84 ಬೋಲ್ಟಿನ ವ್ಯಾಸ ಕಮ್ಮಿ, ಉಳಿದ 6 ಉದ್ದ ಕಮ್ಮಿ. ರಾತ್ರಿ ಪಾಳಿ, ಜನ ಕಮ್ಮಿ, ಶಿಫ್ಟ್ ಮ್ಯಾನೇಜರ್ರೇ ಕೆಲಸಕ್ಕೆ ಇಳಿದ್ರು, ಹಳೇ ಬೋಲ್ಟನ್ನ ಕಣ್ಣಳತೇಲಿ ಹೋಲಿಸಿ ಹೊಸದು ತಗೊಂಡ್ರು, ಪಾರ್ಟ್ಸ್ ಕ್ಯಾಟಲಾಗ್ ನೋಡ್ಲಿಲ್ಲ. ಕೆಲಸ ಮಾಡಿದ್ದೂ ಅವ್ರೇ, ಸಹಿ ಹಾಕಿದ್ದೂ ಅವ್ರೇ. ಅವ್ರು ಕೆಟ್ಟ ಕೆಲಸಗಾರ ಅಲ್ಲ, ಅನುಭವಸ್ಥರು. ಅನುಭವ ಇದ್ದೋನೇ ಪುಸ್ತಕ ತೆಗೆಯದೆ ಕೆಲಸ ಮಾಡೋದು, ನಾನು ಕ್ಲಾಸಲ್ಲಿ ಇದನ್ನ ಪ್ರತಿ ಬ್ಯಾಚಿಗೂ ಹೇಳ್ತೀನಿ, ಹೇಳುವಾಗ ಪ್ರತಿ ಸಲಾನೂ ಎದೆ ಬಿಗಿಯುತ್ತೆ.

ಮಾಡ್ಯೂಲ್ ಪಾಸಾದ್ರೆ ಲೈಸೆನ್ಸ್ ಬಂತು ಅಂದ್ಕೋಬೇಡಿ, ಎಷ್ಟೋ ತಂದೆ ತಾಯಂದಿರಿಗೆ ಸ್ಕೂಲಿನವರು ಬಿಡಿಸಿ ಹೇಳದ ವಿಷಯ ಇದು. ಚಾಲ್ತೀಲಿರೋ ವಿಮಾನದ ಮೇಲೆ ಕೆಲಸ ಮಾಡಿದ ಅನುಭವ ಬೇಕು. ಯಾವ ತಾಂತ್ರಿಕ ಟ್ರೈನಿಂಗೂ ಇಲ್ದೆ ನೇರ ಬಂದೋನಿಗೆ ಬಿ1.1ಕ್ಕೆ 5 ವರ್ಷ, ಸಿಎಆರ್ 147 ಅಪ್ರೂವಲ್ ಇರೋ ಸ್ಕೂಲಲ್ಲಿ ಬೇಸಿಕ್ ಕೋರ್ಸ್ ಮಾಡಿದೋನಿಗೆ 2 ವರ್ಷ. ಅಪ್ರೂವ್ಡ್ ಸ್ಕೂಲಿಗೆ ಸೇರೋದ್ರ ದೊಡ್ಡ ಲಾಭ ಇದೇ, ಮೂರು ವರ್ಷ ಉಳಿಯುತ್ತೆ. ಹಾಗಾಗಿ ಅಪ್ರೂವಲ್ ಇಲ್ದೆ ಇರೋ ಕಡೆ ಸೇರಿದ್ರೆ ಎಷ್ಟೇ ಚೆಂದದ ಯೂನಿಫಾರ್ಮ್ ಹಾಕಿದ್ರೂ ಆ ಲಾಭ ಸಿಗಲ್ಲ. ನನ್ನಂಥ ಮಿಲಿಟರಿಯವರ ಅನುಭವಾನ ಒಪ್ಕೋತಾರೆ, ಆದ್ರೆ ಅದರ ಮೇಲೆ ಸಿವಿಲ್ ವಿಮಾನದ ಅನುಭವ ಬೇರೆ ತೋರಿಸ್ಬೇಕು. ನಂಗೆ ಇದು ಅನ್ಯಾಯ ಅನ್ನಿಸ್ಲಿಲ್ಲ. ಏರ್‌ಫೋರ್ಸಲ್ಲಿ ಕೆಲಸ ಒಂದು ಥರ, ಸಿವಿಲಲ್ಲಿ ತಯಾರಕರ ಮ್ಯಾನುಯಲ್ಲು, ಟಾಸ್ಕ್ ಕಾರ್ಡು, ಟೆಕ್ ಲಾಗು, ಟೈಮಿಗೆ ವಿಮಾನ ಬಿಡೋ ಒತ್ತಡ, ಇದರ ರೀತಿನೇ ಬೇರೆ, ಕಲಿತೇ ಬರ್ಬೇಕು.

ಆ ಸಿವಿಲ್ ಅನುಭವದ ಟೈಮಲ್ಲೇ ಕೊರೊನಾ ಬಂತು. 2020ರ ಮಾರ್ಚ್ 25ರಿಂದ ದೇಶದೊಳಗಿನ ವಿಮಾನ ಎಲ್ಲಾ ನಿಂತ್ವು, ಮೇ 25ಕ್ಕೆ ಸ್ವಲ್ಪ ಸ್ವಲ್ಪ ಶುರು ಆಯ್ತು. ವಿಮಾನ ಹಾರಲ್ಲ ಅಂದ್ರೆ ಮೆಕ್ಯಾನಿಕ್‌ಗೆ ಕೆಲಸ ಇಲ್ಲ ಅಂತ ಜನ ಅಂದ್ಕೊಂಡಿದ್ರು. ಆದ್ರೆ ನಿಂತ ವಿಮಾನಾನ ನೋಡ್ಕೊಳ್ಳೋದೇ ದೊಡ್ಡ ಕೆಲಸ. ಇಂಜಿನ್ ಬಾಯಿಗೆ ಕವರ್ ಹಾಕ್ಬೇಕು, ವೇಗ ಅಳೆಯೋ ಪಿಟೋ ಟ್ಯೂಬ್ ಮುಚ್ಚಬೇಕು, ಇಲ್ದಿದ್ರೆ ಹುಳ ಗೂಡು ಕಟ್ಟುತ್ತೆ, ಟೈರ್ ಒಂದೇ ಕಡೆ ಭಾರ ಬೀಳದ ಹಾಗೆ ಉರುಳಿಸ್ತಿರ್ಬೇಕು, ಬ್ಯಾಟರಿ ನೋಡ್ಬೇಕು, ಆಗಾಗ ಇಂಜಿನ್ ರನ್ ಕೊಡ್ಬೇಕು. ಆ ಸಾಲುಸಾಲು ವಿಮಾನಗಳ ನಡುವೆ ನಾನು ಕಲಿತ ಶಿಸ್ತು ಯಾವ ಪುಸ್ತಕದಲ್ಲೂ ಸಿಗ್ತಿರ್ಲಿಲ್ಲ. ಆದ್ರೆ ಅದೇ ಟೈಮಲ್ಲಿ ಸ್ಕೂಲು ಮುಗಿಸಿ ಅನುಭವಕ್ಕೆ ಅಂತ ಬಂದಿದ್ದ ಮಕ್ಕಳನ್ನ ಮನೆಗೆ ಕಳಿಸಿಬಿಟ್ರು, ಅವರ ಲಾಗ್‌ಬುಕ್ ಅರ್ಧಕ್ಕೆ ನಿಂತುಬಿಡ್ತು. ಅನುಭವ ಅನ್ನೋದು ಸ್ಕೂಲಿನ ಗೋಡೆಯೊಳಗೆ ಸಿಗದ ಸಾಮಾನು ಅಂತ ನಂಗೆ ಅರಿವಾಗಿದ್ದು ಆವಾಗ.

ಲೈಸೆನ್ಸ್ ಕೈಗೆ ಬಂದ್ಮೇಲೂ ನೇರವಾಗಿ ಸಹಿ ಹಾಕೋಕೆ ಆಗಲ್ಲ. ಯಾವ ಮಾದರಿ ವಿಮಾನ ಅಂತ ಟೈಪ್ ಟ್ರೈನಿಂಗ್ ಆಗ್ಬೇಕು, ಮೈಸೂರಿಗೆ ಬರೋ ಎಟಿಆರ್‌ದು ಬೇರೆ, ಮಂಗಳೂರು ಕಣ್ಣೂರಿಗೆ ಬರೋ ಏರ್‌ಬಸ್ ಬೋಯಿಂಗ್‌ದು ಬೇರೆ ಬೇರೆ. ಆಮೇಲೆ ಕೆಲಸ ಮಾಡೋ 145 ಸಂಸ್ಥೆ ತನ್ನ ಕಡೆಯಿಂದ ಆಥರೈಸೇಷನ್ ಕೊಡ್ಬೇಕು. ಅಷ್ಟೂ ಆದ್ಮೇಲೆ, ಹಿಂದಿನ 2 ವರ್ಷದಲ್ಲಿ ಕನಿಷ್ಠ 6 ತಿಂಗಳು ಕೆಲಸ ಮಾಡಿರ್ಬೇಕು ಅನ್ನೋ ನಿಯಮ ಇದೆ, ಮನೇಲಿ ಕೂತ್ರೆ ಹಕ್ಕು ಉಳಿಯಲ್ಲ. ಇದನ್ನೆಲ್ಲ ಕೇಳಿ ಯಾರೂ ಹೆದರ್ಕೋಬಾರ್ದು, ಆದ್ರೆ ಸ್ಕೂಲು ಮುಗಿದ ಮಾರನೇ ದಿನ ಮಗ ಲಕ್ಷಗಟ್ಟಲೆ ಸಂಬಳ ತರ್ತಾನೆ ಅಂತ ಲೆಕ್ಕ ಹಾಕಿ ತೋಟ ಅಡ ಇಡೋ ಮುಂಚೆ ಈ ಮೆಟ್ಟಿಲುಗಳನ್ನ ಎಣಿಸಿ ನೋಡಿ.

ಕೆಲವು ವರ್ಷ ಲೈನಲ್ಲಿ, ಅಂದ್ರೆ ಏರ್‌ಪೋರ್ಟಲ್ಲಿ ಬಂದು ಹೋಗೋ ವಿಮಾನಗಳ ಮೇಲೆ ಕೆಲಸ ಮಾಡಿ ಆಮೇಲೆ ಬೆಂಗಳೂರಿನ ಒಂದು ಟ್ರೈನಿಂಗ್ ಸ್ಕೂಲಲ್ಲಿ ಪ್ರಾಕ್ಟಿಕಲ್ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ, ಅಲ್ಲಿ ರೂಲಿನ ಇನ್ನೊಂದು ಮುಖ ನೋಡಿದೆ. ಸ್ಕೂಲು ಹೇಗೆ ನಡೀಬೇಕು ಅಂತ ಎಂಟಿಓಇ ಅನ್ನೋ ಒಂದು ದಪ್ಪ ಪುಸ್ತಕ ಇರುತ್ತೆ, ಯಾರು ಜವಾಬ್ದಾರಿ, ಯಾವ ಇನ್‌ಸ್ಟ್ರಕ್ಟರ್ ಯಾವ ವಿಷಯ, ಪ್ರಶ್ನೆಪತ್ರಿಕೆ ಎಲ್ಲಿ ಬೀಗ ಹಾಕಿ ಇಡೋದು, ಎಲ್ಲಾ ಅದರಲ್ಲಿ ಇರ್ಬೇಕು. ರೂಲು ತಿದ್ದುಪಡಿ ಆದಾಗೆಲ್ಲ ಆ ಪುಸ್ತಕ ತಿದ್ದಿ ಮತ್ತೆ ಅಪ್ರೂವಲ್ ತಗೋಬೇಕು, ಆಡಿಟ್ ಬರುತ್ತೆ, ಆಡಿಟ್ ಅಂದ್ರೆ ಬರೀ ಫೈಲ್ ನೋಡೋದಲ್ಲ, ಟೂಲ್ ಸ್ಟೋರಿಗೆ ಬಂದು ಟಾರ್ಕ್ ರೆಂಚಿನ ಕ್ಯಾಲಿಬ್ರೇಷನ್ ತಾರೀಕು ನೋಡ್ತಾರೆ. ಥಿಯರಿ ಕ್ಲಾಸಲ್ಲಿ 28ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳು ಕೂರೋ ಹಾಗಿಲ್ಲ, ಪ್ರಾಕ್ಟಿಕಲ್‌ನಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ ಸುಮಾರು 15 ಜನ, ಇನ್‌ಸ್ಟ್ರಕ್ಟರ್‌ಗಳೂ ಎರಡು ವರ್ಷದೊಳಗೆ ಅಪ್‌ಡೇಟ್ ಟ್ರೈನಿಂಗ್ ತಗೋತಾನೇ ಇರ್ಬೇಕು. ಬಿ1.1 ಬೇಸಿಕ್ ಕೋರ್ಸಿಗೆ ಕನಿಷ್ಠ 2400 ಗಂಟೆ, ಅದರಲ್ಲಿ ಅರ್ಧದಿಂದ 60 ಪರ್ಸೆಂಟ್ ಥಿಯರಿ, ಉಳಿದಿದ್ದು ಪ್ರಾಕ್ಟಿಕಲ್. ಪಾಠದ ವಿಷಯವೂ ನಿಂತಲ್ಲೇ ನಿಲ್ಲಲ್ಲ, 1934ರ ಏರ್‌ಕ್ರಾಫ್ಟ್ ಆಕ್ಟ್ ಅಂತ ನಾನು ಓದಿ ಪಾಸಾಗಿದ್ದೆ, ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದು 2025ರ ಜನವರಿ 1ರಿಂದ ಜಾರಿ ಆಯ್ತು, ಹತ್ತನೇ ಮಾಡ್ಯೂಲಿನ ನೋಟ್ಸ್ ಎಲ್ಲಾ ತಿದ್ದಿದ್ವಿ.

ಈ 2400 ಗಂಟೆ ವಿಷಯದಲ್ಲಿ ನಂಗೆ ತುಂಬಾ ಹೇಳೋದಿದೆ. ಗಂಟೆ ತುಂಬೋದು ಸುಲಭ. ಒಬ್ಬ ಹುಡುಗ ಬೋಲ್ಟ್ ಸಡಿಲ ಆಗದ ಹಾಗೆ ಬಿಗಿಯೋ ಲಾಕ್ ವೈರ್ ಹಾಕ್ತಿರ್ತಾನೆ, ಉಳಿದ ಹದಿನಾಲ್ಕು ಜನ ಸುತ್ತ ನಿಂತು ನೋಡ್ತಿರ್ತಾರೆ, ರಿಜಿಸ್ಟರಲ್ಲಿ ಹದಿನೈದೂ ಜನಕ್ಕೆ ಮೂರು ಗಂಟೆ ಪ್ರಾಕ್ಟಿಕಲ್ ಅಂತ ಬರುತ್ತೆ. ರೂಲು ಮುರಿದಿಲ್ಲ, ಆದ್ರೆ ಕಲಿತೋನು ಒಬ್ಬನೇ. ಅದಕ್ಕೇ ನಾನು ಸೇರಿದ್ಮೇಲೆ ನನ್ನ ವರ್ಕ್‌ಶಾಪಲ್ಲಿ ಪ್ರತಿ ಹುಡುಗನ ಹೆಸರಲ್ಲೂ ಒಂದೊಂದು ತಗಡು ಇಡ್ಸಿದೆ, ಅವನೇ ಡ್ರಿಲ್ ಮಾಡ್ಬೇಕು, ಅವನೇ ರಿವೆಟ್ ಹಾಕ್ಬೇಕು, ಸರಿ ಇಲ್ಲ ಅಂದ್ರೆ ಅವನೇ ರಿವೆಟ್ ತೆಗೆದು ಮತ್ತೆ ಹಾಕ್ಬೇಕು. ಟೈಮ್ ಜಾಸ್ತಿ ಹಿಡಿಯುತ್ತೆ, ಸಾಮಾನು ಜಾಸ್ತಿ ಖರ್ಚಾಗುತ್ತೆ, ಆದ್ರೂ ಇದನ್ನ ಬಿಟ್ಟು ಬೇರೆ ದಾರಿ ನಂಗೆ ಗೊತ್ತಿಲ್ಲ.

ಅಮೆರಿಕಾದಲ್ಲಿ ಇದೇ ಪ್ರಶ್ನೆ ದೊಡ್ಡದಾಗಿ ಚರ್ಚೆ ಆಯ್ತು. ಅಲ್ಲಿನ ಸ್ಕೂಲುಗಳ ರೂಲಿಗೂ ನಂಬರ್ 147ನೇ, ಅಲ್ಲಿನ ವಿಮಾನಯಾನ ಸಂಸ್ಥೆ ಎಫ್‌ಎಎದು, 1960ರ ದಶಕದ ಚೌಕಟ್ಟು. ಕನಿಷ್ಠ 1900 ಗಂಟೆ, ಅದರಲ್ಲಿ ಜನರಲ್ 400, ಏರ್‌ಫ್ರೇಮ್ (ವಿಮಾನದ ದೇಹ) 750, ಪವರ್‌ಪ್ಲಾಂಟ್ (ಇಂಜಿನ್) 750, ಯಾವ ವಿಷಯ ಯಾವ ಮಟ್ಟಕ್ಕೆ ಕಲಿಸ್ಬೇಕು ಅಂತ ರೂಲಿನ ಅಪೆಂಡಿಕ್ಸಲ್ಲೇ ಬರೆದಿತ್ತು, ಹೊಸ ತಂತ್ರಜ್ಞಾನ ಸೇರಿಸ್ಬೇಕು ಅಂದ್ರೆ ರೂಲೇ ತಿದ್ದಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು. 2020ರ ಡಿಸೆಂಬರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ ಇದನ್ನ ಬದಲಾಯಿಸಿ ಅಂತ ಹೇಳ್ತು, 2022ರ ಮೇ ತಿಂಗಳಲ್ಲಿ ಹೊಸ ರೂಲು ಬಂತು, ಸೆಪ್ಟೆಂಬರ್ 21ರಿಂದ ಜಾರಿ. ಗಂಟೆ ಲೆಕ್ಕ ಪೂರ್ತಿ ತೆಗೆದುಹಾಕಿದ್ರು. ಅದರ ಬದಲು ಮೆಕ್ಯಾನಿಕ್ ಏನು ತಿಳಿದಿರ್ಬೇಕು, ಏನು ಮಾಡಿ ತೋರಿಸ್ಬೇಕು ಅಂತ ಒಂದು ಮಾನದಂಡ ಇದೆ, ಸ್ಕೂಲು ಅದಕ್ಕೆ ಹೊಂದೋ ಹಾಗೆ ಪಾಠ ಮಾಡ್ಬೇಕು, ಎಷ್ಟು ಹೊತ್ತಲ್ಲಿ ಕಲಿಸ್ತೀರಿ ಅನ್ನೋದು ಸ್ಕೂಲಿಗೆ ಬಿಟ್ಟಿದ್ದು. ಆದ್ರೆ ಸುಮ್ನೆ ಬಿಟ್ಟಿಲ್ಲ, ಹಿಂದಿನ ಮೂರು ವರ್ಷದಲ್ಲಿ ಕೋರ್ಸ್ ಮುಗಿಸಿ 60 ದಿನದೊಳಗೆ ಪರೀಕ್ಷೆ ಬರೆದೋರಲ್ಲಿ ಕನಿಷ್ಠ 70 ಪರ್ಸೆಂಟ್ ಪಾಸಾಗಿರ್ಬೇಕು ಅಂತ ಇಟ್ಟಿದಾರೆ. ಯುರೋಪಿನವರು ಗಂಟೆ ಇಟ್ಕೊಂಡೇ ಸಿಲಬಸ್ ಹೊಸದು ಮಾಡಿದ್ರು, 2024ರ ಜೂನ್ 12ರಿಂದ ಜಾರಿ ಆಯ್ತು, ಮಾಡ್ಯೂಲ್ ಪರೀಕ್ಷೇಲಿ ಇದ್ದ ಪ್ರಬಂಧದ ಪ್ರಶ್ನೆ ತೆಗೆದ್ರು.

ನಮ್ಮಲ್ಲೂ ಗಂಟೆ ತೆಗೀಬೇಕು ಅಂತ ಕೆಲವು ಇನ್‌ಸ್ಟ್ರಕ್ಟರ್‌ಗಳು ಹೇಳ್ತಾರೆ. ನಂಗೆ ಒಪ್ಪಿಗೆ ಇಲ್ಲ. ಇಲ್ಲಿ ಗಂಟೆ ತೆಗೆದ್ರೆ ಮೊದಲು ಕತ್ತರಿ ಬೀಳೋದು ಪ್ರಾಕ್ಟಿಕಲ್‌ಗೆ, ಯಾಕಂದ್ರೆ ದುಡ್ಡು ಖರ್ಚಾಗೋದು ಅಲ್ಲೇ. ಆದ್ರೆ ಅಮೆರಿಕಾದ ಆ ಪಾಸ್ ರೇಟಿನ ನಿಯಮ ನಮ್ಮಲ್ಲಿ ಬೇಕೇ ಬೇಕು. ಪ್ರತಿ ಸ್ಕೂಲೂ ತನ್ನಲ್ಲಿ ಕೋರ್ಸ್ ಮುಗಿಸಿದ ಬ್ಯಾಚಿಂದ ಎಷ್ಟು ಮಕ್ಕಳು ಡಿಜಿಸಿಎ ಮಾಡ್ಯೂಲ್ ಎಲ್ಲಾ ಪಾಸಾದ್ರು, ಎಷ್ಟು ಮಕ್ಕಳ ಕೈಗೆ ಲೈಸೆನ್ಸ್ ಬಂತು ಅಂತ ಗೇಟ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕೋ ಹಾಗೆ ಆಗ್ಬೇಕು. ಆವಾಗ ಸೋಮವಾರಪೇಟೆ ಸಂತೇಲಿ ನಿಂತ ತಂದೆಗೂ ಯಾವುದು ಒಳ್ಳೇ ಸ್ಕೂಲು ಅಂತ ಗೊತ್ತಾಗುತ್ತೆ.

ಹೋದ ವರ್ಷ ನಮ್ಮ ಅಕ್ಕನ ಮಗ ಇದೇ ಕೋರ್ಸ್ ಮಾಡ್ತೀನಿ ಅಂತ ಹಠ ಹಿಡಿದ. ನಾನು ಪಾಠ ಮಾಡೋ ಸ್ಕೂಲಿಗೆ ಬೇಡ, ನನ್ನ ಕಣ್ಣ ಮುಂದೆ ಇದ್ರೆ ಅವನಿಗೂ ಕಷ್ಟ ಅಂತ ಬೇರೆ ಕಡೆ ನೋಡೋಕೆ ಹೊರಟ್ವಿ, ಕುಶಾಲನಗರದಿಂದ ಬಸ್ಸು ಹಿಡಿದು. ಹೋಗೋ ಮುಂಚೆ ಡಿಜಿಸಿಎ ವೆಬ್‌ಸೈಟಲ್ಲಿ ಅಪ್ರೂವ್ಡ್ ಸ್ಕೂಲುಗಳ ಪಟ್ಟಿ ಇದೆ, ಅದರಲ್ಲಿ ಹೆಸರು ಇರೋದನ್ನ ಮಾತ್ರ ಗುರುತು ಹಾಕ್ಕೊಂಡ್ವಿ, ಹೆಸರು ಇದ್ರೆ ಸಾಲದು, ಯಾವ ಕೆಟಗರಿಗೆ ಅಪ್ರೂವಲ್ ಅಂತ ನೋಡ್ಬೇಕು, ಬಿ2ಗೆ ಮಾತ್ರ ಇದ್ರೆ ಬಿ1.1 ಓದ್ಬೇಕು ಅನ್ನೋನಿಗೆ ಪ್ರಯೋಜನ ಇಲ್ಲ.

ಒಂದು ಕಡೆ ಎಸಿ ರೂಮಲ್ಲಿ ಕೂರಿಸಿ ವೀಡಿಯೋ ತೋರಿಸಿದ್ರು, ಹ್ಯಾಂಗರ್ ತೋರ್ಸಿ ಅಂದ್ರೆ ಇವತ್ತು ಬೀಗದ ಕೈ ಇಲ್ಲ ಅಂದ್ರು. ಹೊರಗಿಂದ ಕಂಡ ಒಂದು ಚಿಕ್ಕ ವಿಮಾನದ ಇಂಜಿನ್ ಮೇಲಿನ ಮುಚ್ಚಳ, ಅಂದ್ರೆ ಕೌಲಿಂಗ್ ಮೇಲೆ ಧೂಳು ಕೂತಿತ್ತು, ಸ್ಕ್ರೂ ತಲೆಗಳ ಮೇಲಿನ ಬಣ್ಣ ಹಾಗೇ ಇತ್ತು. ಹುಡುಗ ನನ್ನ ಮುಖ ನೋಡ್ದ. "ಮಾವ, ಬಣ್ಣ ಹೋಗಿಲ್ಲ ಅಂದ್ರೆ ಯಾರೂ ಬಿಚ್ಚೇ ಇಲ್ಲ ಅಲ್ವಾ?" ಅಂದ. ಅಷ್ಟು ಸಾಕಾಯ್ತು, ಇವನಿಗೆ ಈ ಕೆಲಸದ ಕಣ್ಣು ಇದೆ ಅಂತ ನಂಗೆ ಧೈರ್ಯ ಬಂತು. ಇನ್ನೊಂದು ಕಡೆ ಟೂಲ್ ಸ್ಟೋರಿಗೆ ನೇರ ಕರ್ಕೊಂಡು ಹೋದ್ರು, ಬೋರ್ಡ್ ಮೇಲೆ ಪ್ರತಿ ಟೂಲಿನ ಆಕಾರ ಬರೆದಿತ್ತು, ಒಂದು ಸ್ಪ್ಯಾನರ್ ಜಾಗ ಖಾಲಿ ಇತ್ತು, ಅದರ ಜಾಗದಲ್ಲಿ ತಗೊಂಡ ಹುಡುಗನ ನಂಬರ್ ಇರೋ ಬಿಲ್ಲೆ ನೇತಾಡ್ತಿತ್ತು. ಅಲ್ಲಿ ನಾನು ಕೇಳಿದ್ದು ಮುಖ್ಯವಾಗಿ ಒಂದೇ, "ಸಾರ್, ಕೋರ್ಸ್ ಮುಗಿದ್ಮೇಲೆ ಎರಡು ವರ್ಷದ ಅನುಭವಕ್ಕೆ ಮಕ್ಕಳನ್ನ ಎಲ್ಲಿ ಕಳಿಸ್ತೀರಿ, ಆ ಸಂಸ್ಥೆ ಜೊತೆ ಒಪ್ಪಂದ ಇದ್ರೆ ತೋರಿಸ್ತೀರಾ?" ಅವ್ರು ಪತ್ರ ತೋರಿಸಿದ್ರು, ಆದ್ರೆ ನೇರವಾಗಿ ಹೇಳಿದ್ರು, "ಎಲ್ರಿಗೂ ಜಾಗ ಸಿಗಲ್ಲ ಸಾರ್, ಮಾಡ್ಯೂಲ್ ಬೇಗ ಪಾಸಾದೋರನ್ನ ಮೊದಲು ಕಳಿಸ್ತೀವಿ." ನಿಜ ಹೇಳಿದ್ದಕ್ಕೇ ಅಲ್ಲಿಗೆ ಸೇರಿಸಿದ್ವಿ.

2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಆರ್ಡರ್ ಮಾಡಿದಾವೆ, ಬರೋ ವಿಮಾನಕ್ಕೆಲ್ಲ ಸಹಿ ಹಾಕೋ ಕೈ ಬೇಕು, ಆ ಲೆಕ್ಕದಲ್ಲಿ ಕೆಲಸ ಇದ್ದೇ ಇರುತ್ತೆ. ಆದ್ರೆ ವಿಮಾನ ಬರೋ ವೇಗಕ್ಕೆ ಅನುಭವ ಕೊಡೋ ಜಾಗ ಹೆಚ್ಚಾಗ್ಬೇಕು, ಏರ್‌ಲೈನ್ಸು, ರಿಪೇರಿ ಸಂಸ್ಥೆಗಳು ಅಡ್ಮಿಷನ್ ಆಗೋ ಮುಂಚೆನೇ ಇಷ್ಟು ಮಕ್ಕಳನ್ನ ತಗೋತೀವಿ ಅಂತ ಸ್ಕೂಲಿಗೆ ಬರೆದುಕೊಡೋ ಹಾಗೆ, ಸ್ಕೂಲು ಅಷ್ಟೇ ಮಕ್ಕಳನ್ನ ಸೇರಿಸ್ಕೊಳ್ಳೋ ಹಾಗೆ ರೂಲು ಬಂದ್ರೆ ಕೊಡಗಿಂದ ಹೋಗೋ ಮಕ್ಕಳ ವರ್ಷಗಳು ಉಳೀತವೆ. ಅಕ್ಕನ ಮಗ ಈಗ ಗಣಿತ, ಭೌತಶಾಸ್ತ್ರ ಎರಡೂ ಪಾಸಾಗಿದಾನೆ, ಮುಂದಿನ ಸೆಷನ್ನಿಗೆ ಮೂರನೇ ಮಾಡ್ಯೂಲಿನ ಜೊತೆ ಒಂಬತ್ತನೇದನ್ನೂ ಕಟ್ಟಿದಾನೆ, ಒಂಬತ್ತನೇದು ಕೊನೆಗೆ ಇಟ್ಕೋಬೇಡ ಅಂತ ನಾನೇ ಹೇಳಿದ್ದು.